ಕೊಸರಾಗಿ ಬಂದ ಐದು ನಿಮಿಷ

ಕೈ ಸಡಿಲವಾದದ್ದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೆ. ಆ ಕೈ ನನ್ನ ಕೈಯೊಳಗೇ ಇತ್ತಲ್ಲ, ಟವಲ್ ಕೆಳಗೆ.

ಕುರಿ ವ್ಯಾಪಾರದ ಪರಿಚಯ ಇಲ್ಲದವರಿಗೆ ಇಷ್ಟು ಹೇಳಿಬಿಡುತ್ತೇನೆ. ನಾವು ರೇಟನ್ನು ಬಾಯಲ್ಲಿ ಹೇಳುವುದಿಲ್ಲ. ಸುತ್ತ ಹತ್ತು ಜನ ನಿಂತಿರುತ್ತಾರೆ, ಎಲ್ಲರ ಕಿವಿಯೂ ನಮ್ಮ ಕಡೆಗೇ ಇರುತ್ತದೆ. ಅದಕ್ಕೆ ಕೊಳ್ಳುವವನೂ ಮಾರುವವನೂ ಕೈ ಹಿಡಿದು ಮೇಲೊಂದು ಟವಲ್ ಹಾಕಿಕೊಳ್ಳುತ್ತೇವೆ. ಒಳಗೆ ಬೆರಳುಗಳು ಮಾತಾಡುತ್ತವೆ. ಕುರಿಯೊಂದಕ್ಕೆ ಹತ್ತು ಸಾವಿರ ಅನ್ನುವುದು ಇಬ್ಬರಿಗೂ ಗೊತ್ತಿರುವ ವಿಷಯ, ಅದರ ಮೇಲೆ ಎದುರಿನವನ ಎಷ್ಟು ಬೆರಳು ಹಿಡಿದರೆ ಅಷ್ಟು ಸಾವಿರ. ಆಯ್ತು ಅಂತಲೋ ಬೇಡ ಅಂತಲೋ ತೀರ್ಮಾನ ಆಗುವ ತನಕ ಯಾರೂ ಕೈ ಎಳೆದುಕೊಳ್ಳುವ ಹಾಗಿಲ್ಲ. ನಡುವೆ ಎಳೆದುಕೊಂಡರೆ ಎದುರಿನವನ ಮುಖಕ್ಕೆ ಹೊಡೆದಂತೆ. ನಾನು ಈ ಕಸುಬಿಗೆ ಬಂದಮೇಲೆ ಹಾಗೆ ಮಾಡಿದವರನ್ನು ಕಂಡಿರಲಿಲ್ಲ.

ಬಕ್ರೀದ್‌ಗೆ ಇನ್ನೂ ಎರಡು ವಾರ ಇತ್ತು. ಕೆ.ಆರ್. ಪುರಂ ಆಚೆಯ ನಮ್ಮ ಕೊಟ್ಟಿಗೆಯಿಂದ ಹನ್ನೆರಡು ಕುರಿ ಟೆಂಪೋಗೆ ಹತ್ತಿಸಿಕೊಂಡು ಬೆಳಗ್ಗೆ ಏಳೂವರೆಗೆ ಶಿವಾಜಿನಗರಕ್ಕೆ ಬಂದಿದ್ದೆ. ರಸೆಲ್ ಮಾರ್ಕೆಟ್ ಹಿಂದಿನ ಓಣಿಯೊಂದರಲ್ಲಿ ಭಾಯ್ ಅವರ ಮಟನ್ ಅಂಗಡಿ. ಭಾಯ್‌ಗೆ ಅರವತ್ತರ ಹತ್ತಿರ ವಯಸ್ಸು. ಅವರಿಗೂ ನನಗೂ ಬಹಳ ವರ್ಷದ ವ್ಯವಹಾರ, ಒಂದು ಸಲವೂ ಅರ್ಧ ಗಂಟೆಯೊಳಗೆ ಒಪ್ಪಿದವರಲ್ಲ.

ಅಂಗಡಿ ಮುಂದೆ ಇಳಿಸಿ ಕಟ್ಟಿದ್ದ ಕುರಿಗಳಲ್ಲಿ ಒಂದರ ಬೆನ್ನು ಹಿಚುಕಿ ನೋಡಿ, "ಏನ್ ಗೌಡ್ರೇ, ಈ ಸಲ ಬೆಕ್ಕು ತಂದಿದ್ದೀರಾ?" ಅಂದರು.

"ಬೆಕ್ಕು ನಿಮ್ಮ ಅಂಗಡಿ ಮುಂದೇನೇ ಬೇಕಾದಷ್ಟು ಬಿದ್ದಿವೆಯಲ್ಲ ಭಾಯ್, ನಾನ್ಯಾಕೆ ಟೆಂಪೋ ಬಾಡಿಗೆ ಕೊಟ್ಟು ತರ್ಲಿ?"

ನಕ್ಕರು. ಬೆಂಚಿನ ಮೇಲೆ ಕೂತೆವು, ಟವಲ್ ಹಾಕಿದೆವು. ನಾನು ಅವರ ಐದು ಬೆರಳು ಹಿಡಿದು, ಬಿಟ್ಟು, ಮತ್ತೆ ಎರಡು ಹಿಡಿದೆ. ಏಳು. ಅವರು ಮೂರರಿಂದ ಶುರು ಮಾಡಿ ನಾಲ್ಕಕ್ಕೆ ಬಂದು ನಿಂತರು. ಹಣೆಯ ಮೇಲೆ ಬೆವರು ಸಾಲಾಗಿ ನಿಂತಿತ್ತು. ಎಡ ಭುಜವನ್ನು ಗೋಡೆಗೆ ಉಜ್ಜಿಕೊಳ್ಳುತ್ತಿದ್ದರು.

"ಬೇಗ ಮುಗಿಸಿ ಗೌಡ್ರೇ. ಯಾಕೋ ಎದೆ ಹಿಡ್ಕೊಂಡಂಗಿದೆ. ಗ್ಯಾಸ್ ಇರ್ಬೇಕು."

ಈಗ ನನ್ನ ಬುದ್ಧಿ ಎಂಥದ್ದು ನೋಡಿ. ಇದೂ ಒಂದು ಆಟ ಅಂದುಕೊಂಡೆ. ಹುಷಾರಿಲ್ಲ ಅಂತ ನರಳಿ ರೇಟು ಇಳಿಸಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನಾನೇ ಇಲ್ಲದ ಮಂಡಿನೋವು ತೋರಿಸಿ ಏರಿಸಿಕೊಂಡಿದ್ದೇನೆ. ಈ ಮುದುಕ ಹೊಸ ನಾಟಕ ಕಲಿತಿದ್ದಾನೆ ಅಂತ ಒಳಗೊಳಗೇ ನಕ್ಕು, ಮತ್ತೆ ಏಳನ್ನೇ ಹಿಡಿದೆ. ಎದೆ ಹಿಡಿತ, ತಣ್ಣನೆ ಬೆವರು, ಭುಜದ ನೋವು ಮೂರೂ ಒಟ್ಟಿಗೆ ಕಂಡರೆ ಗ್ಯಾಸ್ ಅಂತ ಕೂರಬೇಡಿ, ಆಗಲೇ 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಸೇರಿಸಿ. ಈಗ ನಾನು ಎಲ್ಲರಿಗೂ ಹೇಳುವ ಮೊದಲ ಮಾತು ಇದೇ. ಅವತ್ತು ನನ್ನ ಕಣ್ಣೆದುರೇ ಮೂರೂ ಇದ್ದವು, ನಾನು ಚೌಕಾಸಿ ಮಾಡುತ್ತಿದ್ದೆ.

ಭಾಯ್ ಮತ್ತೆ ನನ್ನ ನಾಲ್ಕು ಬೆರಳು ಹಿಡಿದರು. ಆಮೇಲೆ ಅವರ ಕೈ ನನ್ನ ಹೆಬ್ಬೆರಳ ಕಡೆ ಜರುಗಿತು. ಐದಕ್ಕೆ ಬರುತ್ತಿದ್ದಾರೆ ಅಂತ ಖುಷಿಯಾಯಿತು. ಹೆಬ್ಬೆರಳು ಮುಟ್ಟಿತು, ಹಿಡಿಯಲಿಲ್ಲ. ಕೈಯಲ್ಲಿದ್ದ ಜೀವವೇ ಹರಿದುಹೋದ ಹಾಗೆ ಬೆರಳುಗಳು ಬಿಚ್ಚಿಕೊಂಡವು. ತಲೆ ಎತ್ತಿ ನೋಡುವಷ್ಟರಲ್ಲಿ ಪಕ್ಕದಲ್ಲಿ ಒಟ್ಟಿದ್ದ ಹೊಟ್ಟಿನ ಚೀಲಗಳ ಮೇಲೆ ಒರಗಿದ್ದರು. ಕಾಲು ಎರಡು ಮೂರು ಸಲ ಅದುರಿತು.

"ಫಿಟ್ಸು! ಫಿಟ್ಸು ಬಂತು!" ಅಂತ ಯಾರೋ ಕೂಗಿದರು. ಒಬ್ಬ ಓಡಿಬಂದು ಷಟರ್‌ನ ಬೀಗದ ಕೈ ಗೊಂಚಲನ್ನು ಅವರ ಅಂಗೈಗೆ ತುರುಕಿದ. ಇನ್ನೊಬ್ಬ ಈರುಳ್ಳಿ ಒಡೆದು ಮೂಗಿಗೆ ಹಿಡಿದ. ಟೀ ಅಂಗಡಿಯವನು ಲೋಟದಲ್ಲಿ ನೀರು ತಂದ. ಭಾಯ್ ಬಾಯಿ ತೆರೆದು 'ಗೊರ್' ಅಂತ ಒಂದು ಸಲ ಗಾಳಿ ಎಳೆದುಕೊಂಡರು.

"ಉಸಿರಾಡ್ತಾ ಇದ್ದಾರೆ, ಏನೂ ಆಗಿಲ್ಲ," ಅಂದ ಭಾಯ್ ತಮ್ಮ. ಅಂಗಡಿ ನೋಡಿಕೊಳ್ಳುವುದು ಅವನೇ. ಮುಖ ಮಾತ್ರ ಸುಣ್ಣದ ಹಾಗಾಗಿತ್ತು.

ಆ ಗಳಿಗೆಯಲ್ಲಿ ನನಗೆ ನೆನಪಾದದ್ದು ಒಂದು ಬೊಂಬೆ.

ಮೂರು ತಿಂಗಳ ಹಿಂದೆ ನಮ್ಮ ವ್ಯಾಪಾರಿಗಳ ಸಂಘದವರು ಪ್ರಥಮ ಚಿಕಿತ್ಸೆಯ ತರಬೇತಿ ಮಾಡಿಸಬೇಕು ಅಂತ ತೀರ್ಮಾನಿಸಿದ್ದರು. ಹಲಸೂರಿನಲ್ಲಿರುವ ಒಬ್ಬ ರಿಟೈರ್ಡ್ ನರ್ಸ್ ಕಲಿಸಿಕೊಡುತ್ತಾರೆ, ಫೀಸು ಬೇಡ ಅನ್ನುತ್ತಾರೆ, ಆದರೆ ಆರು ಗಂಟೆ ಬೇಕು ಅನ್ನುತ್ತಾರೆ ಅಂತ ಸುದ್ದಿ ಬಂತು. ಮಾತಾಡಿ ಇಳಿಸಲು ಕಳಿಸಿದ್ದು ನನ್ನನ್ನೇ. ಇನ್ಯಾರನ್ನು ಕಳಿಸುತ್ತಾರೆ?

"ಆರು ಗಂಟೆ ಅಂಗಡಿ ಮುಚ್ಚಿದ್ರೆ ನಾವೇ ಎದೆ ಒಡ್ಕೊಂಡು ಸಾಯ್ತೀವಿ ಸಿಸ್ಟರ್. ಒಂದು ಗಂಟೆ ಮಾಡಿ," ಅಂದೆ.

"ಒಂದು ಗಂಟೇಲಿ ಬ್ಯಾಂಡೇಜ್ ಬಿಚ್ಚೋಕೂ ಆಗಲ್ಲಪ್ಪಾ."

ಎಳೆದಾಡಿ ಎರಡಕ್ಕೆ ತಂದೆ. ಸಿಸ್ಟರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಸರಿ. ಯಾವುದು ಬಿಡ್ಲಿ, ನೀವೇ ಹೇಳಿ."

"ಎದೆ ಒತ್ತೋದು ಬಿಟ್ಬಿಡಿ. ನಮ್ಮದು ಚಾಕು ಕೆಲಸ ಸಿಸ್ಟರ್. ಕೈ ಕೊಯ್ಕೊಳ್ಳೋದು, ಬಿಸಿನೀರು ಚೆಲ್ಕೊಳ್ಳೋದು, ಕರೆಂಟು ಹೊಡ್ಯೋದು ಇಷ್ಟು ಸಾಕು."

ಅವರು ಒಪ್ಪಿದರು. ಆ ದಿನ ಬಂದು ರಕ್ತ ಸುರಿಯುವಾಗ ಬಟ್ಟೆ ಒತ್ತಿ ಹಿಡಿಯುವುದು, ಸುಟ್ಟ ಗಾಯಕ್ಕೆ ನಲ್ಲಿ ನೀರು ಬಿಡುವುದು ಎಲ್ಲ ಹೇಳಿಕೊಟ್ಟರು. ಎರಡು ಗಂಟೆ ಮುಗಿಯಿತು, ಜನ ಎದ್ದರು. ಆಗ ಸಿಸ್ಟರ್ ಚೀಲದಿಂದ ರಬ್ಬರಿನ ಅರ್ಧ ಬೊಂಬೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು. "ನೀವು ವ್ಯಾಪಾರಿಗಳು. ತರಕಾರಿ ತಗೊಂಡ್ರೆ ಮೇಲೆ ಕೊತ್ತಂಬರಿ ಕೊಸರು ಕೇಳ್ತೀರಲ್ಲಾ, ಇದು ನನ್ನ ಕೊಸರು. ಐದೇ ನಿಮಿಷ, ಕೂತ್ಕೊಳ್ಳಿ."

ಬಿಟ್ಟಿ ಬಂದದ್ದನ್ನು ಬೇಡ ಅನ್ನುವ ಜಾತಿ ನಮ್ಮದಲ್ಲ. ಕೂತೆವು. ನಾನು ಅರ್ಧ ಕಿವಿ ಮಾತ್ರ ಕೊಟ್ಟಿದ್ದೆ, ಫೋನಿನಲ್ಲಿ ಟೆಂಪೋದವನ ಜೊತೆ ಬಾಡಿಗೆ ಮಾತು ನಡೆಯುತ್ತಿತ್ತು.

ಆ ಅರ್ಧ ಕಿವಿಗೆ ಬಿದ್ದದ್ದನ್ನೆಲ್ಲ ಓಣಿಯಲ್ಲಿ ನಿಂತು ಒಟ್ಟುಮಾಡಿದೆ. ಬಾಯಿ ನೋಡಬೇಡಿ, ಎದೆ ನೋಡಿ. ನೀರಿನಿಂದ ತೆಗೆದ ಮೀನು ಬಾಯಿ ಬಿಟ್ಟ ಹಾಗೆ ಆಗೊಮ್ಮೆ ಈಗೊಮ್ಮೆ ಗಾಳಿ ಎಳೆದರೆ ಅದು ಉಸಿರಲ್ಲ. ಹೃದಯ ನಿಂತ ಹೊಸದರಲ್ಲಿ ಮೈ ಅದುರುವುದೂ ಉಂಟು. 'ಯಾರಾದ್ರೂ ಫೋನ್ ಮಾಡಿ' ಅಂದರೆ ಯಾರೂ ಮಾಡುವುದಿಲ್ಲ, ಬೆರಳು ತೋರಿಸಿ ಒಬ್ಬನಿಗೆ ಹೇಳಿ.

ಭುಜ ಹಿಡಿದು ಅಲುಗಿಸಿ ಕಿವಿಯ ಹತ್ತಿರ "ಭಾಯ್! ಭಾಯ್!" ಅಂತ ಕೂಗಿದೆ. ಇಲ್ಲ. ಎದೆ ನೋಡಿದೆ, ಬನಿಯನ್ ಅಲುಗಲಿಲ್ಲ. ಮತ್ತೊಂದು 'ಗೊರ್', ಅಷ್ಟೆ. ನೀರಿನ ಲೋಟವನ್ನು ತಳ್ಳಿದೆ. "ಬಾಯಿಗೆ ಏನೂ ಹಾಕ್ಬೇಡಿ! ಇದು ಫಿಟ್ಸ್ ಅಲ್ಲ!" ಅಂದು, ಎದುರಿಗೆ ನಿಂತಿದ್ದವನ ಎದೆಗೇ ಬೆರಳಿಟ್ಟೆ. "ನೀನು, ಕೆಂಪು ಶರ್ಟು. 108ಕ್ಕೆ ಫೋನ್ ಮಾಡು. ಸ್ಪೀಕರ್ ಹಾಕಿ ಇಲ್ಲಿ ನೆಲದ ಮೇಲಿಡು."

ಎರಡು ಕೈ ಒಂದರ ಮೇಲೊಂದಿಟ್ಟು ಎದೆಯ ನಡುವೆ ಒತ್ತಿದೆ. ಹತ್ತು ಸಲ ಒತ್ತಿದಮೇಲೆ ಗೊತ್ತಾಯಿತು, ನಾನು ಒತ್ತುತ್ತಿರುವುದು ಭಾಯ್ ಎದೆಯನ್ನಲ್ಲ, ಚೀಲವನ್ನು. ಅವರು ಹೊಟ್ಟಿನೊಳಗೆ ಇಳಿಯುತ್ತಿದ್ದರು, ಎದೆ ತಗ್ಗುತ್ತಿರಲಿಲ್ಲ. ಬೊಂಬೆಯನ್ನು ಸಿಸ್ಟರ್ ಗಟ್ಟಿ ಮೇಜಿನ ಮೇಲೆ ಯಾಕಿಟ್ಟಿದ್ದರು ಅಂತ ಆಗ ಅರ್ಥವಾಯಿತು. "ನೆಲಕ್ಕೆ ಎಳೀರಿ!" ಅಂದೆ. ಮೂವರು ಸೇರಿ ಕಲ್ಲು ಚಪ್ಪಡಿಯ ಮೇಲೆ ಅಂಗಾತ ಮಲಗಿಸಿದರು. ನಾನು ಪಕ್ಕದಲ್ಲಿ ಮಂಡಿಯೂರಿ, ಮೊಣಕೈ ಮಡಿಸದೆ, ಮೈಭಾರವನ್ನೇ ಬಿಟ್ಟು ಒತ್ತಿದೆ. ಈಗ ಎದೆ ಎರಡಂಗುಲ ತಗ್ಗಿತು. ತಗ್ಗಿದ್ದು ಎದ್ದು ಬಂತು.

ಫೋನಿನಲ್ಲಿ ಹೆಣ್ಣುಮಗಳೊಬ್ಬಳ ದನಿ ಬಂತು. ಎಲ್ಲಿ, ಎಷ್ಟು ವಯಸ್ಸು, ಪ್ರಜ್ಞೆ ಇದೆಯಾ ಅಂತ ಕೇಳಿದಳು. ಕೆಂಪು ಶರ್ಟು ಹೇಳಿದ. "ಒತ್ತುತ್ತಾ ಇರಿ ಸರ್, ನಿಲ್ಲಿಸ್ಬೇಡಿ. ನನ್ನ ಜೊತೆ ಎಣಿಸಿ. ಗಾಡಿ ಹೊರಟಿದೆ."

ಗಾಡಿ ಅಂದಕೂಡಲೇ ತಲೆ ಎತ್ತಿದೆ. ಓಣಿಯ ಬಾಯಿಗೆ ಅಡ್ಡಲಾಗಿ ನಿಂತಿದ್ದು ನನ್ನದೇ ಟೆಂಪೋ. ಬೇರೆಯವರ ಗಾಡಿ ನಡುವೆ ಬಂದು ಕುರಿ ತೋರಿಸಬಾರದು ಅಂತ ನಾನೇ ಹಾಗೆ ನಿಲ್ಲಿಸಿದ್ದೆ. ಡ್ರೈವರ್‌ಗೆ ಕೂಗಿದೆ: "ಟೆಂಪೋ ತೆಗೆದು ಮೇನ್ ರೋಡಿಗೆ ಹಾಕು! ಅಲ್ಲೇ ನಿಂತು ಅಂಬುಲೆನ್ಸ್‌ನ ಕೈ ಬೀಸಿ ಕರ್ಕೊಂಡು ಬಾ!"

ಅವನು ಟೆಂಪೋ ತೆಗೆದ ಜಾಗಕ್ಕೆ ಒಂದು ಆಟೋ ನುಗ್ಗಿತು. ಭಾಯ್ ತಮ್ಮ ಕರೆಸಿದ್ದ.

"ಎತ್ರೀ! ಎತ್ರೀ ಮೊದ್ಲು! ಆಸ್ಪತ್ರೆ ಇಲ್ಲೇ ಇದೆ, ಎರಡು ನಿಮಿಷ!" ನನ್ನ ಭುಜ ಹಿಡಿದು ಎಳೆದ. "ಕ್ಯಾ ಕರ್ರೈಂ ಜಿ ಆಪ್? ಏನ್ ಮಾಡ್ತಿದ್ದೀರಿ? ಅಣ್ಣನ್ನ ಗುದ್ದಿ ಗುದ್ದಿ ಸಾಯಿಸ್ತೀರಾ?"

ಸುತ್ತ ಐವತ್ತು ಜನ ಸೇರಿದ್ದರು. ಅರ್ಧ ಜನ ಅವನ ಕಡೆ. "ಹೌದು, ಎತ್ತಿ, ಎತ್ತಿ!" ನನಗೂ ಆ ಕ್ಷಣ ಹಾಗೇ ಅನ್ನಿಸಿತು. ಎತ್ತಿ ಆಟೋಗೆ ಹಾಕಿಬಿಟ್ಟರೆ ನನ್ನ ಕೈ ಖಾಲಿ. ಆಮೇಲೆ ಏನಾದರೂ ಆದರೆ ದಾರಿಯಲ್ಲಿ ಆಯ್ತು, ಆಸ್ಪತ್ರೆಯಲ್ಲಿ ಆಯ್ತು ಅನ್ನುತ್ತಾರೆ. ಇಲ್ಲೇ ಆದರೆ, ಗೌಡ ರೇಟಿಗೆ ಜಗಳ ಆಡಿ ಎದೆ ಮೇಲೆ ಕೂತ ಅನ್ನುತ್ತಾರೆ. ಸುಳ್ಳು ಯಾಕೆ ಹೇಳಲಿ, ಲೆಕ್ಕ ಹಾಕುವ ತಲೆ ಅಲ್ಲೂ ಲೆಕ್ಕ ಹಾಕಿತು.

ಆದರೆ ಅದೇ ತಲೆ ಇನ್ನೊಂದು ಲೆಕ್ಕವನ್ನೂ ಹಾಕಿತು. ಶಿವಾಜಿನಗರದಲ್ಲಿ ಬೆಳಗ್ಗೆ ಎಂಟು ಗಂಟೆಗೆ 'ಎರಡು ನಿಮಿಷ' ಅಂದರೆ ಎಷ್ಟು ಅಂತ ನನಗೆ ಗೊತ್ತಿಲ್ಲವೇ? ಬಸ್ ಸ್ಟ್ಯಾಂಡ್ ಕಡೆಯ ಬಸ್ಸುಗಳು, ಶಾಲೆ ವ್ಯಾನುಗಳು. ಆಟೋದ ಸೀಟಿನ ಮೇಲೆ ಆರಡಿ ಮನುಷ್ಯನನ್ನು ಮಡಚಿ ತುರುಕಬೇಕು. ಅಷ್ಟೂ ಹೊತ್ತು ಯಾರೂ ಒತ್ತುವುದಿಲ್ಲ. ಒತ್ತಿದರೂ ಕೆಳಗೆ ಸ್ಪಂಜು. ನೆಲದ ಮೇಲೆ ನನ್ನ ಕೈ ಅವರ ಹೃದಯದ ಕೆಲಸ ಮಾಡುತ್ತಿದೆ, ಆಟೋದಲ್ಲಿ ಆ ಕೆಲಸ ಮಾಡುವವರು ಯಾರೂ ಇರುವುದಿಲ್ಲ.

"ಎತ್ತಲ್ಲ," ಅಂದೆ. ಒತ್ತುವುದನ್ನು ನಿಲ್ಲಿಸಲಿಲ್ಲ. "ನೋಡಪ್ಪಾ, ಆಟೋನ ಹಿಂದಕ್ಕೆ ಕಳಿಸು, ದಾರಿ ಬೇಕು. ಇಲ್ಲಿ ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗ್ಬೇಕು. ವಾಚು ನೋಡ್ಕೊಂಡು ಹೇಳೋನು ನೀನೇ. ತಪ್ಪಿದ್ರೆ ನಿಮ್ಮಣ್ಣನಿಗೇ ನಷ್ಟ."

"ಅವರು ಹೇಳ್ತಿರೋದು ಸರಿ ಸರ್," ಅಂದಳು ಫೋನಿನ ಹೆಣ್ಣುಮಗಳು. "ಗಾಡಿ ಬರೋ ತನಕ ಅಲ್ಲೇ ಇರ್ಲಿ."

ಭಾಯ್ ತಮ್ಮ ಆಟೋದವನಿಗೆ ಹಿಂದಕ್ಕೆ ಹೋಗು ಅಂತ ಕೈ ಮಾಡಿ, ತಾನು ವಾಚು ಹಿಡಿದು ಅಣ್ಣನ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತ. ನಿಮಗೊಂದು ಮಾತು ಹೇಳುತ್ತೇನೆ: ಅಂಥ ಹೊತ್ತಲ್ಲಿ ಕೂಗಾಡುವವರ ಜೊತೆ ವಾದ ಮಾಡಬೇಡಿ, ಕೆಲಸ ಕೊಡಿ. ಅವನಷ್ಟು ಕರಾರುವಾಕ್ಕಾಗಿ ಟೈಮು ಹೇಳಿದವರನ್ನು ನಾನು ಆಮೇಲೆ ತರಬೇತಿಯಲ್ಲೂ ಕಾಣಲಿಲ್ಲ.

ಅಷ್ಟರಲ್ಲಿ ನನ್ನ ಅಂಗೈ ಕೆಳಗೆ 'ಟಕ್' ಅಂತು.

ಆ ಸದ್ದು ನಮಗೆಲ್ಲ ಗೊತ್ತು. ದಿನಾ ಕೇಳುವ ಸದ್ದು. ನನ್ನ ಕೈ ತಾನಾಗಿಯೇ ನಿಂತುಬಿಟ್ಟಿತು. ಮುರಿದೆ, ಈ ಮನುಷ್ಯನ ಪಕ್ಕೆಲುಬು ಮುರಿದೆ.

"ಯಾಕೆ ಎಣಿಸ್ತಿಲ್ಲ ಸರ್? ನಿಲ್ಲಿಸಿದ್ರಾ?" ಅಂತ ಫೋನಿನಿಂದ ಕೇಳಿದಳು.

"ಎಲುಬು ಮುರೀತಮ್ಮಾ."

"ಎಲುಬು ಕೂಡುತ್ತೆ ಸರ್. ಕೈ ಅದೇ ಜಾಗದಲ್ಲಿಟ್ಟು ಒತ್ತಿ."

ಒತ್ತಿದೆ. ಮೂವತ್ತು ಎಣಿಸುವಷ್ಟರಲ್ಲಿ ನನ್ನ ತೋಳು ಸೋಲತೊಡಗಿತು. ಬೆವರು ಭಾಯ್ ಮೇಲೆಯೇ ತೊಟ್ಟಿಕ್ಕುತ್ತಿತ್ತು. "ಟೈಮ್!" ಅಂದ ತಮ್ಮ. ಅಂಗಡಿಯ ಕಟಿಂಗ್ ಮೇಸ್ತ್ರಿ ಲುಂಗಿ ಎತ್ತಿ ಕಟ್ಟಿ ಎದುರು ಮಂಡಿಯೂರಿದ. ಕಂಬದಂಥ ತೋಳು.

"ಸ್ಪೀಡ್ ಎಷ್ಟಣ್ಣಾ?"

"ಸೆಕೆಂಡಿಗೆ ಎರಡರ ಹತ್ತಿರ."

"ಅಂದ್ರೆ ಖೀಮಾ ಸ್ಪೀಡು."

ಎರಡು ಕೈಯಲ್ಲೂ ಮಚ್ಚು ಹಿಡಿದು ಖೀಮಾ ಕೊಚ್ಚುವಾಗ ಬೀಳುವ ಲಯ ಇದೆಯಲ್ಲ, ಅದೇ ಲಯ ಹಿಡಿದ. ಒಂದು ಏಟು ತಪ್ಪಲಿಲ್ಲ. ಆದರೆ ಮೇಲೇಳುತ್ತಿರಲಿಲ್ಲ, ಭಾರ ಬಿಟ್ಟುಕೊಂಡೇ ಕೊಚ್ಚುತ್ತಿದ್ದ. "ಮೇಲೆ ಬಿಡು ಮಾರಾಯಾ! ಎದೆ ಪೂರ್ತಿ ಎದ್ದು ಬರ್ಲಿ. ಹಿಂಡಿದ ಬಟ್ಟೆ ಬಿಟ್ರೆ ತಾನೇ ನೀರು ಕುಡಿಯೋದು?" ಅಂದೆ. ತಲೆಯಾಡಿಸಿ ಸರಿಮಾಡಿಕೊಂಡ. ಅವನ ನಂತರ ಕೆಂಪು ಶರ್ಟು, ಆಮೇಲೆ ಮತ್ತೆ ನಾನು. ಪ್ರತಿ ಸಲ ಕೈ ಬದಲಾಗುವಾಗ ತಮ್ಮ ಮೂರು, ಎರಡು, ಒಂದು ಅಂತ ಎಣಿಸುತ್ತಿದ್ದ. ನಡುವೆ ಖಾಲಿ ಬೀಳಲಿಲ್ಲ.

ಫೋನು ಮಾಡಿದ ಹನ್ನೊಂದನೇ ನಿಮಿಷಕ್ಕೆ ನನ್ನ ಡ್ರೈವರ್ ಅಂಬುಲೆನ್ಸಿನ ಮುಂದೆ ಓಡುತ್ತಾ ಬಂದ. ನೀಲಿ ಬಟ್ಟೆಯ ಇಬ್ಬರು ಇಳಿದರು. "ಒತ್ತುತ್ತಾ ಇರಿ," ಅಂತಲೇ ಬನಿಯನ್ ಕತ್ತರಿಸಿ, ಬೆವರು ಒರೆಸಿ, ಅಂಗೈಯಗಲದ ಎರಡು ಅಂಟುಪಟ್ಟಿ ಹಚ್ಚಿದರು. ಒಂದು ಬಲ ಭುಜದ ಕೆಳಗೆ, ಇನ್ನೊಂದು ಎಡ ಪಕ್ಕೆಗೆ. "ಯಾರೂ ಮುಟ್ಟಬೇಡಿ." ಮಿಷನ್ನಿನಿಂದ ಎದೆಗೆ ಕರೆಂಟು ಕೊಟ್ಟರು, ಭಾಯ್ ಮೈ ಒಂದು ಸಲ ಎಗರಿ ಬಿತ್ತು. ಮತ್ತೆ ಒತ್ತಿದರು, ಮತ್ತೊಂದು ಸಲ. ಆಮೇಲೆ ಅವರಲ್ಲೊಬ್ಬ ಕತ್ತಿನ ಪಕ್ಕ ಎರಡು ಬೆರಳಿಟ್ಟು ನಾಡಿ ನೋಡಿದ. ಅಷ್ಟು ಜನ ಸೇರಿದ ಆ ಓಣಿಯಲ್ಲಿ ನನ್ನ ಹನ್ನೆರಡು ಕುರಿ ಮೆಲುಕು ಹಾಕುವುದು ಕೇಳುತ್ತಿತ್ತು.

"ಬಡೀತಾ ಇದೆ," ಅಂದ.

ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳ ಬಿಡಿಸಿ ಸ್ಟೆಂಟ್ ಹಾಕಿದರು. ಸಂಜೆ ಡಾಕ್ಟರ್ ಹೊರಗೆ ಬಂದು, "ಯಾರು ಎದೆ ಒತ್ತಿದ್ದು? ಎರಡು ಪಕ್ಕೆಲುಬು ಮುರಿದಿದೆ," ಅಂದರು. ನಾನು ಗೋಡೆಗೆ ಅಂಟಿಕೊಂಡೆ. ಭಾಯ್ ತಮ್ಮ ನನ್ನ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳಿದ. "ಇವರು ಡಾಕ್ಟ್ರೇ. ಗೌಡ್ರು. ನಾನು ಬೇಡ ಅಂದೆ, ಇವರು ಬಿಡ್ಲಿಲ್ಲ."

"ಬಿಡದೇ ಇದ್ದದ್ದೇ ಒಳ್ಳೇದಾಯ್ತು. ಆದ್ರೆ ಎಚ್ಚರ ಆಗ್ಬೇಕು, ನಮ್ಮನ್ನ ಗುರುತು ಹಿಡೀಬೇಕು. ಅಲ್ಲಿ ತನಕ ನಾನೇನೂ ಹೇಳಲ್ಲ," ಅಂದರು ಡಾಕ್ಟರ್.

ಎದೆ ಬಡಿದರೂ ತಲೆ ಏನಾಗಿದೆಯೋ ಗೊತ್ತಿಲ್ಲ ಅನ್ನುವುದು ಅದರ ಅರ್ಥ. ಮೂರು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಕುರಿಗಳನ್ನು ವಾಪಸು ಕೊಟ್ಟಿಗೆಗೆ ಕಟ್ಟಿದ್ದೆ. ಬಾಣಸವಾಡಿಯ ಗಿರಾಕಿಯೊಬ್ಬ, ನೀವು ಹೇಳಿದ ರೇಟಿಗೇ ಹೊತ್ತುಕೊಂಡು ಹೋಗ್ತೀನಿ ಅಂದ. ಕೊಡಲಿಲ್ಲ. ಮಾತು ಮುಗಿದಿರಲಿಲ್ಲವಲ್ಲ.

ಎರಡನೇ ದಿನ ಸಿಸ್ಟರ್‌ಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ.

"ಚೀಲದ ಮೇಲಿಂದ ಇಳಿಸಿದ್ರಲ್ಲ, ಅದನ್ನ ನಾನು ಹೇಳಿಕೊಟ್ಟಿರ್ಲಿಲ್ಲ. ಟೈಮ್ ಇರ್ಲಿಲ್ಲ," ಅಂದರು.

"ಅದಕ್ಕೇ ಫೋನ್ ಮಾಡಿದ್ದು ಸಿಸ್ಟರ್. ಮತ್ತೆ ಬರ್ಬೇಕು. ಪೂರ್ತಿ ಕಲಿಸ್ಬೇಕು."

"ಆರು ಗಂಟೆ ಆಗುತ್ತಪ್ಪಾ."

"ಆಯ್ತು."

"ಏನ್ರೀ, ಚೌಕಾಸಿ ಇಲ್ವಾ?"

"ಇದೆ. ಆರರ ಮೇಲೆ ಕೊಸರು ಕೊಡ್ಬೇಕು."

ನೀವೂ ನಿಮ್ಮ ಅಂಗಡಿಯಲ್ಲೋ ಆಫೀಸಿನಲ್ಲೋ ಇಂಥ ತರಬೇತಿ ಇಟ್ಟುಕೊಂಡರೆ ನನ್ನಂಥವನನ್ನು ಮಾತಿಗೆ ಕಳಿಸಬೇಡಿ. ಇಳಿಸಿಕೊಂಡು ಬಂದುಬಿಡುತ್ತಾನೆ.

ನಾಲ್ಕನೇ ದಿನ ಬೆಳಗ್ಗೆ ಭಾಯ್ ತಮ್ಮ ಫೋನ್ ಮಾಡಿದ. ಕಣ್ಣು ಬಿಟ್ಟಿದ್ದಾರೆ, ಆದರೆ ಯಾರು ಕರೆದರೂ ಸುಮ್ಮನೆ ನೋಡುತ್ತಾರೆ, ಗುರುತು ಸಿಕ್ಕಿದೆಯೋ ಇಲ್ಲವೋ ತಿಳಿಯುತ್ತಿಲ್ಲ, ನೀವೊಂದು ಸಲ ಬನ್ನಿ ಅಂದ. ಅವನ ದನಿಯಲ್ಲಿ ಅಳು ಇತ್ತು.

ಐಸಿಯುಗೆ ಒಬ್ಬರನ್ನೇ ಬಿಡುತ್ತಿದ್ದರು. ಮೂಗು ಬಾಯಿ ಮುಚ್ಚಿ ಆಕ್ಸಿಜನ್ ಮಾಸ್ಕು. ಮಾತಾಡಿಸಬೇಡಿ, ಎಲುಬು ನೋಯುತ್ತದೆ ಅಂದಳು ನರ್ಸು. ಭಾಯ್ ನನ್ನನ್ನು ನೋಡಿದರು. ಆ ಕಣ್ಣಲ್ಲಿ ಏನೂ ಓದಲಾಗಲಿಲ್ಲ.

"ಭಾಯ್, ನಾನು. ಅವತ್ತು ನೀವು ನಾಟಕ ಆಡ್ತಿದ್ದೀರಿ ಅಂದ್ಕೊಂಡೆ. ತಪ್ಪಾಯ್ತು," ಅಂದೆ.

ಮಾನಿಟರ್ ಮಾತ್ರ ಬೀಪ್ ಬೀಪ್ ಅನ್ನುತ್ತಿತ್ತು. ಇನ್ನೇನು ಮಾಡಬೇಕು ಅಂತ ತೋಚದೆ, ಅವರ ಹೊದಿಕೆಯ ಕೆಳಗೆ ಕೈ ಹಾಕಿ ಅವರ ಬಲಗೈ ಹಿಡಿದೆ. ಬೆಚ್ಚಗಿತ್ತು.

ಆಗ ಅವರ ಬೆರಳು ಅಲುಗಿತು. ಮೆಲ್ಲಗೆ, ಬಹಳ ಮೆಲ್ಲಗೆ, ನನ್ನ ಬೆರಳುಗಳನ್ನು ಒಂದೊಂದಾಗಿ ಹುಡುಕಿಕೊಂಡು ಬಂತು. ಹಿಡಿಯಿತು. ಒಂದು. ಎರಡು. ಮೂರು.

ಅಲ್ಲಿಗೆ ನಿಂತಿತು.

ಅವತ್ತು ಐದಕ್ಕೆ ಬರುತ್ತಿದ್ದ ಮನುಷ್ಯ ಮೂರಕ್ಕೆ ಇಳಿದಿದ್ದಾರೆ! ಆಯ್ತು ಭಾಯ್, ಮೂರಕ್ಕೇ ತಗೊಳ್ಳಿ, ಬಿಟ್ಟಿಯಾಗಿ ತಗೊಳ್ಳಿ ಅಂತ ಬಾಯಿಗೆ ಬಂದಿತ್ತು. ಆದರೆ ಮೊದಲ ಮಾತಿಗೇ ಗೌಡ ಒಪ್ಪಿಬಿಟ್ಟರೆ ಭಾಯ್ ಏನಂದುಕೊಳ್ಳುತ್ತಾರೆ? ಡಾಕ್ಟರು ಕೈಬಿಟ್ಟಿರಬೇಕು, ತಾನು ಉಳಿಯುವುದಿಲ್ಲ ಅಂದುಕೊಳ್ಳುತ್ತಾರೆ.

ಅವರ ಐದು ಬೆರಳು ಹಿಡಿದು, ಬಿಟ್ಟು, ಮತ್ತೆ ಎರಡು ಹಿಡಿದೆ.

ಮಾಸ್ಕಿನ ಮೇಲೆ ಹುಬ್ಬು ಗಂಟಿಕ್ಕಿತು. ಭಾಯ್ ನನ್ನ ಕೈಯನ್ನು ಬಿಡಲಿಲ್ಲ.

ಗಾಜಿನಾಚೆ ಭಾಯ್ ಅವರ ತಮ್ಮ ಎರಡೂ ಕೈ ಎತ್ತಿ ಏನಾಯ್ತು, ಗುರುತು ಸಿಕ್ತಾ ಅಂತ ಕೇಳುತ್ತಿದ್ದ. ನಾನು ಹೊದಿಕೆಯನ್ನು ಇನ್ನಷ್ಟು ಮೇಲಕ್ಕೆ ಎಳೆದು ಕೈ ಮುಚ್ಚಿಕೊಂಡು, ಕುರ್ಚಿಯನ್ನು ಕಾಲಲ್ಲೇ ಹತ್ತಿರಕ್ಕೆ ಜರುಗಿಸಿ ಕೂತೆ. ಇದು ಅರ್ಧ ಗಂಟೆಯಲ್ಲಿ ಮುಗಿಯುವ ಮಾತಲ್ಲ.